ಆ ಫೋಟೋದಲ್ಲಿರೋ ದೊರೆ ಶರಣಾಗ್ತಿಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ರೋಮನ್ನರು ಡೇಸಿಯಾ ರಾಜ್ಯ ಗೆದ್ದ ಕತೆ ಪೂರ್ತಿ ಒಂದು ಪುಟ ಹಾಕಿದ್ರಿ. ಅದಕ್ಕೆ ಮೊದಲು ಥ್ಯಾಂಕ್ಸ್ ಹೇಳ್ತೀನಿ, ಯಾಕಂದ್ರೆ ರೋಮ್ ಅಂದ ತಕ್ಷಣ ಎಲ್ಲರೂ ಸೀಸರ್, ನೀರೋ, ಕ್ಲಿಯೋಪಾತ್ರ ಅಂತ ಅಲ್ಲಲ್ಲೇ ಸುತ್ತುತಾ ಇರ್ತಾರೆ, ಡೇಸಿಯಾ ಹೆಸರು ಎತ್ತೋರು ಬಹಳ ಕಡಿಮೆ. ನಾನು ಹತ್ತು ಹನ್ನೆರಡು ವರ್ಷದಿಂದ ಈ ಒಂದು ಯುದ್ಧದ ಬಗ್ಗೆ ಸಿಕ್ಕಿದ್ದೆಲ್ಲಾ ಓದ್ತಾ ಬಂದಿದ್ದೀನಿ, ಹಾಗಾಗಿ ಪೇಪರ್ ಬಿಚ್ಚಿದ ಕೂಡಲೇ ಕಾಫಿ ಪಕ್ಕಕ್ಕಿಟ್ಟು ಅದನ್ನೇ ಓದಿದೆ.

ಆದ್ರೆ ಪುಟದ ಮಧ್ಯೆ ಒಂದು ದೊಡ್ಡ ಫೋಟೋ ಇದೆ, ಅದರ ಕೆಳಗೆ "ಟ್ರೇಜನ್ ಸೇನೆಗೆ ಶರಣಾಗುತ್ತಿರುವ ಡೇಸಿಯಾ ದೊರೆ ಡೆಸೆಬಾಲಸ್" ಅಂತ ಬರೆದಿದ್ದೀರಿ. ಅದು ತಪ್ಪು ಸಾರ್. ಆ ಫೋಟೋ ರೋಮ್‌ನಲ್ಲಿರೋ ಟ್ರೇಜನ್ ಸ್ತಂಭದ್ದು, ಅಂದ್ರೆ ಡೇಸಿಯಾ ಗೆದ್ದ ರೋಮನ್ ಚಕ್ರವರ್ತಿ ಟ್ರೇಜನ್‌ನ ಯುದ್ಧದ ಕತೆ ಕೆತ್ತಿರೋ ಕಂಬದ್ದು, ಹೆಚ್ಚುಕಮ್ಮಿ ತುದಿಯ ಹತ್ರ ಇರೋ ದೃಶ್ಯ. ಒಂದು ಮರ ಇದೆ, ಮರದ ಬುಡದಲ್ಲಿ ಒಬ್ಬ ಗಡ್ಡದವನು ಕುಸಿದು ಕೂತಿದ್ದಾನೆ, ಸುತ್ತ ಕುದುರೆ ಸವಾರರು ಮುತ್ತಿದ್ದಾರೆ, ಒಬ್ಬ ಸವಾರ ಕುದುರೆ ಮೇಲಿಂದಲೇ ಬಗ್ಗಿ ಅವನ ಕಡೆ ಕೈ ಚಾಚಿದ್ದಾನೆ. ಕೂತವನ ಬಲಗೈಯನ್ನ ಸ್ವಲ್ಪ ಗಮನ ಇಟ್ಟು ನೋಡಿ, ಅದರಲ್ಲಿ ಬಾಗಿದ ಕತ್ತಿ ಇದೆ, ಅದು ಅವನದೇ ಕುತ್ತಿಗೆ ಹತ್ರ ಇದೆ. ಅವನು ಕತ್ತು ಕುಯ್ಕೊಳ್ತಾ ಇದ್ದಾನೆ. ಜೀವಂತ ಸಿಕ್ಕಿ ರೋಮ್ ಬೀದಿಯಲ್ಲಿ ಸರಪಳಿ ಹಾಕಿಸ್ಕೊಂಡು ಮೆರವಣಿಗೆ ಹೋಗಬಾರ್ದು ಅಂತ ಅವನು ಮಾಡಿದ ಕೊನೇ ಕೆಲಸ ಅದು. ಅದರ ಕೆಳಗೇ ಹೋಗಿ ಶರಣಾಗ್ತಿದ್ದಾನೆ ಅಂತ ಬರೆದ್ರೆ ಹೇಗೆ ಹೇಳಿ.

ಶರಣಾಗಿದ್ದು ಸುಳ್ಳೇನಲ್ಲ, ಕ್ರಿ.ಶ. 102ರಲ್ಲಿ ಒಂದ್ಸಲ ಆಗಿದ್ದ, ಆ ದೃಶ್ಯವೂ ಸ್ತಂಭದಲ್ಲಿ ಇದೆ, ಹೆಚ್ಚುಕಮ್ಮಿ ನಡುಭಾಗದಲ್ಲಿ. ನೀವು ಹಾಕಿರೋದು 106ರದ್ದು. ಈ ಎರಡರ ಮಧ್ಯೆ ಇರೋ ನಾಲ್ಕು ವರ್ಷದಲ್ಲೇ ಇಡೀ ಕತೆ ಇರೋದು, ಅದನ್ನ ನಿಮ್ಮ ಲೇಖನ ಎರಡು ಸಾಲಲ್ಲಿ ಮುಗಿಸಿಬಿಟ್ಟಿದೆ. ಅದಕ್ಕೇ ಈ ಉದ್ದದ ಪತ್ರ. ಜಾಗ ಇಲ್ಲ ಅಂದ್ರೆ ಕತ್ತರಿಸಿ ಹಾಕಿ, ನಂದೇನೂ ಬೇಜಾರಿಲ್ಲ.

ಲೇಖನದಲ್ಲಿ ಡೆಸೆಬಾಲಸ್‌ನ್ನ "ದಂಗೆಕೋರ ಬುಡಕಟ್ಟು ನಾಯಕ" ಅಂತ ಕರೆದಿದ್ದಾರೆ. ದಂಗೆ ಏಳೋಕೆ ಮೊದಲು ಆಳಿಸ್ಕೊಂಡಿರ್ಬೇಕಲ್ವಾ? ಡೇಸಿಯಾ ರೋಮ್‌ನ ಪಕ್ಕದ ರಾಜ್ಯ, ಮಧ್ಯೆ ಡ್ಯಾನ್ಯೂಬ್ ನದಿ. ನದಿಯ ದಕ್ಷಿಣಕ್ಕೆ ರೋಮ್‌ನ ಮೋಯೆಸಿಯಾ ಪ್ರಾಂತ್ಯ, ಅಂದ್ರೆ ಈಗಿನ ಸೆರ್ಬಿಯಾ ಬಲ್ಗೇರಿಯಾ ಕಡೆ, ಉತ್ತರಕ್ಕೆ ಡೇಸಿಯಾ, ಈಗಿನ ರೊಮೇನಿಯಾದ ಕಾರ್ಪೇಥಿಯನ್ ಬೆಟ್ಟಗಳು. ಟ್ರೇಜನ್ ಬರೋದಕ್ಕೆ ನೂರೈವತ್ತು ವರ್ಷ ಹಿಂದೆಯೇ ಬುರೆಬಿಸ್ತಾ ಅನ್ನೋ ರಾಜ ಆ ಬೆಟ್ಟದ ಜನಗಳನ್ನೆಲ್ಲಾ ಒಂದು ಮಾಡಿದ್ದ. ರಾಜಧಾನಿ ಸಾರ್ಮಿಜೆಗೆಟುಸಾ ಸಮುದ್ರಮಟ್ಟದಿಂದ ಹೆಚ್ಚುಕಮ್ಮಿ 1200 ಮೀಟರ್ ಎತ್ತರದಲ್ಲಿ ದಟ್ಟ ಕಾಡಿನ ಮಧ್ಯೆ ಇತ್ತು, ಅಲ್ಲಿ ಬೆಟ್ಟದ ಇಳಿಜಾರನ್ನ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಟ್ಟ ಮಾಡಿದ್ದಾರೆ, ದುಂಡನೆಯ ಪೂಜಾಸ್ಥಳ ಕಟ್ಟಿದ್ದಾರೆ, ಮಣ್ಣಿನ ಕೊಳವೆಯಲ್ಲಿ ನೀರು ತಂದಿದ್ದಾರೆ.

ಕೋಟೆ ಗೋಡೆ ಕಟ್ಟೋ ರೀತಿನೇ ಅವರದ್ದು ಬೇರೆ. ಹೊರಗೊಂದು ಒಳಗೊಂದು ಕೆತ್ತಿದ ಕಲ್ಲಿನ ಗೋಡೆ, ಮಧ್ಯೆ ಮಣ್ಣು ಜಲ್ಲಿ ತುಂಬಿ ದಮ್ಮಸ್ಸು, ಆಮೇಲೆ ಎರಡು ಗೋಡೆಗೂ ಅಡ್ಡಡ್ಡ ಮರದ ತೊಲೆ. ಆ ತೊಲೆ ತುದಿ ಕೂರೋಕೆ ಕಲ್ಲಿನ ಮೇಲೆ ಒಳಗಡೆ ಕಿರಿದಾಗಿ ಹೊರಗಡೆ ಅಗಲ ಆಗೋ ಹಾಗೆ ಕಚ್ಚು ಕೊರೆದಿದ್ದಾರೆ, ಎಳೆದ್ರೂ ಜಾರಬಾರ್ದು ಅಂತ. ಮರ ಕೊಳೆತು ಹೋಗಿ ಸಾವಿರದ ಒಂಬೈನೂರು ವರ್ಷ ಆದ್ರೂ ಆ ಕಚ್ಚು ಕಲ್ಲಲ್ಲಿ ಇವತ್ತಿಗೂ ಹಾಗೇ ಕಾಣತ್ತೆ. 1999ರಲ್ಲಿ ಯುನೆಸ್ಕೋ ಈ ಕೋಟೆಗಳನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಇಷ್ಟೆಲ್ಲಾ ಕಟ್ಟಿದವರಿಗೆ ಬುಡಕಟ್ಟು ನಾಯಕ ಅನ್ನೋ ಮಾತು ಸಾಕಾಗಲ್ಲ.

ಎರಡನೇ ವಿಷಯ, ಯುದ್ಧ ಯಾಕಾಯ್ತು. ಲೇಖನ ನೇರ 101ರಿಂದ ಶುರುವಾಗತ್ತೆ, ಟ್ರೇಜನ್ ಹೊರಟ, ಗೆದ್ದ ಅಂತ. ಅದಕ್ಕೆ ಮುಂಚೆ ಹದಿನೈದು ವರ್ಷದ ಲೆಕ್ಕ ಬಾಕಿ ಇತ್ತು. 85ರ ಹೊತ್ತಿಗೆ ಡೇಸಿಯನ್ನರು ಡ್ಯಾನ್ಯೂಬ್ ದಾಟಿ ಬಂದು ಮೋಯೆಸಿಯಾದ ಗವರ್ನರ್ ಒಪ್ಪಿಯಸ್ ಸಬಿನಸ್‌ನ ಕೊಂದಿದ್ರು. ಇದನ್ನ ಮುಚ್ಚಿಡಬಾರದು, ಮೊದಲು ನದಿ ದಾಟಿದ್ದು ಅವರೇ. ಆಗ ಚಕ್ರವರ್ತಿ ಡೊಮಿಷಿಯನ್. ಅವನು ತನ್ನ ಅಂಗರಕ್ಷಕ ಪಡೆಯ ಮುಖ್ಯಸ್ಥ ಕಾರ್ನೀಲಿಯಸ್ ಫಸ್ಕಸ್‌ನ ದೊಡ್ಡ ಸೈನ್ಯ ಕೊಟ್ಟು ಕಳಿಸಿದ, ಫಸ್ಕಸ್ ಬೆಟ್ಟದೊಳಗೆ ನುಗ್ಗಿದವನು ಅಲ್ಲೇ ಸತ್ತ, ಸೈನ್ಯದ ಧ್ವಜ, ಯುದ್ಧಯಂತ್ರ ಎಲ್ಲಾ ಡೇಸಿಯನ್ನರ ಪಾಲಾಯ್ತು. 88ರಲ್ಲಿ ಟೆಟಿಯಸ್ ಜೂಲಿಯಾನಸ್ ಅನ್ನೋ ಸೇನಾಪತಿ ಟಪೇ ಅನ್ನೋ ಕಣಿವೆಯಲ್ಲಿ ಗೆದ್ದ. ಇನ್ನೇನು ರಾಜಧಾನಿಗೆ ಬಂದೇಬಿಡ್ತಾರೆ ಅಂತ ಹೆದರಿ ಡೆಸೆಬಾಲಸ್ ಒಂದು ಕೆಲಸ ಮಾಡಿದನಂತೆ, ಸುತ್ತಲಿನ ಮರಗಳನ್ನ ಆಳೆತ್ತರಕ್ಕೆ ಕಡಿಸಿ ಉಳಿದ ಬೊಡ್ಡೆಗಳಿಗೆ ಕವಚ ತೊಡಿಸಿ ನಿಲ್ಲಿಸಿದ, ದೂರದಿಂದ ನೋಡಿದ ರೋಮನ್ನರು ಸೈನಿಕರೇ ನಿಂತಿದ್ದಾರೆ ಅನ್ಕೊಂಡು ಹಿಂದಿರುಗಿದ್ರು. ಕ್ಯಾಸಿಯಸ್ ಡಿಯೊ ಅನ್ನೋ ಇತಿಹಾಸಕಾರ ಇದನ್ನ ಬರೆದಿಟ್ಟಿದ್ದಾನೆ.

89ರಲ್ಲಿ ಒಪ್ಪಂದ ಆಯ್ತು. ಬೇರೆ ಕಡೆ ಮಾರ್ಕೊಮಾನಿ ಜನರ ಕೈಲಿ ಸೋತು ಸುಸ್ತಾಗಿದ್ದ ಡೊಮಿಷಿಯನ್ ಡೆಸೆಬಾಲಸ್ ಜೊತೆ ರಾಜಿಗೆ ಬಂದ, ಅವನ ಕಡೆಯವನಾದ ಡೀಗಿಸ್ ತಲೆ ಮೇಲೆ ತಾನೇ ಕಿರೀಟ ಇಟ್ಟ, ಲೆಕ್ಕಕ್ಕೆ ಡೇಸಿಯಾ ರೋಮ್‌ಗೆ ಅಧೀನ ಅಂತ ಆಯ್ತು, ಆದ್ರೆ ದುಡ್ಡು ಹೋಗ್ತಾ ಇದ್ದಿದ್ದು ರೋಮ್‌ನಿಂದ ಡೇಸಿಯಾಕ್ಕೆ. ವರ್ಷ ವರ್ಷ ಹಣ, ಜೊತೆಗೆ ಯುದ್ಧದ ಕೆಲಸಕ್ಕೂ ಶಾಂತಿಕಾಲದ ಕೆಲಸಕ್ಕೂ ಬೇಕಾದ ಕಸುಬುದಾರರು. ರೋಮನ್ ಎಂಜಿನಿಯರ್‌ಗಳನ್ನ ಇಟ್ಕೊಂಡು ರೋಮ್ ವಿರುದ್ಧವೇ ಕೋಟೆ ಗಟ್ಟಿ ಮಾಡ್ಕೊಂಡ ಅನ್ನೋದು ರೋಮ್‌ನವರ ಹೊಟ್ಟೆ ಉರಿ. ಟ್ರೇಜನ್ ಯುದ್ಧಕ್ಕೆ ಹೊರಡೋಕೆ ಡಿಯೊ ಕೊಡೋ ಕಾರಣನೂ ಇದೇ, ವರ್ಷ ವರ್ಷ ಕೊಡೋ ದುಡ್ಡು ಅವನಿಗೆ ಸಹಿಸೋಕಾಗ್ಲಿಲ್ಲ, ಆ ಕಡೆ ಡೇಸಿಯನ್ನರ ಬಲ ಅಹಂಕಾರ ಎರಡೂ ಬೆಳೀತಾ ಇತ್ತು. ಜೊತೆಗೆ ಬೆಟ್ಟದ ಹೊಟ್ಟೆಯಲ್ಲಿ ಚಿನ್ನ ಇತ್ತು.

ಶತ್ರು ಕಡೆಯ ಬರಹಗಾರನಾಗಿಯೂ ಡಿಯೊ ಡೆಸೆಬಾಲಸ್‌ನ ಬಗ್ಗೆ ಬರೆಯೋ ಮಾತು ನೋಡಿ, ಯಾವಾಗ ಮೇಲೆ ಬೀಳ್ಬೇಕು ಯಾವಾಗ ಹಿಂದೆ ಸರೀಬೇಕು ಅಂತ ಅವನಿಗೆ ಗೊತ್ತಿತ್ತು, ಹೊಂಚು ಹಾಕೋದ್ರಲ್ಲೂ ಎದುರಾಬದುರು ಕಾದಾಡೋದ್ರಲ್ಲೂ ಪಳಗಿದವನು, ಗೆಲುವನ್ನ ಹೇಗೆ ಬಳಸ್ಕೊಬೇಕು ಸೋಲನ್ನ ಹೇಗೆ ನಿಭಾಯಿಸ್ಬೇಕು ಎರಡೂ ತಿಳಿದವನು ಅಂತ. ಇಂಥ ಮಾತು ಶತ್ರುಗಳ ಕಡೆಯಿಂದ ಎಷ್ಟು ಜನ ರಾಜರಿಗೆ ಸಿಕ್ಕಿದೆ? ನಿಮ್ಮ ಲೇಖನದಲ್ಲಿ ಈ ಸಾಲು ಬಂದಿದ್ರೆ ಅರ್ಧ ತಕರಾರು ಅಲ್ಲೇ ಮುಗೀತಿತ್ತು.

101ರ ವಸಂತದಲ್ಲಿ ಟ್ರೇಜನ್ ಹೊರಟ. ಅವನು ಈ ಯುದ್ಧದ ಬಗ್ಗೆ ತಾನೇ ಒಂದು ಪುಸ್ತಕ ಬರೆದಿದ್ದ, ಅದರಲ್ಲಿ ಇವತ್ತಿಗೆ ಉಳಿದಿರೋದು ಒಂದೇ ಒಂದು ಸಾಲು, "ಅಲ್ಲಿಂದ ಬೆರ್ಜೋಬಿಸ್‌ಗೆ, ಆಮೇಲೆ ಐಜಿಸ್‌ಗೆ ಮುಂದುವರಿದೆವು" ಅಂತ. ಅದೂ ಉಳಿದಿದ್ದು ಯಾಕೆ ಅಂದ್ರೆ ಎಷ್ಟೋ ಕಾಲದ ಮೇಲೆ ಪ್ರಿಸಿಯನ್ ಅನ್ನೋ ವ್ಯಾಕರಣದ ಮೇಷ್ಟ್ರು ಉದಾಹರಣೆಗೆ ಅಂತ ಅದನ್ನ ಎತ್ಕೊಂಡಿದ್ರಿಂದ. ಚಕ್ರವರ್ತಿ ಬರೆದ ಪುಸ್ತಕವೇ ಹೀಗೆ ಕಳೆದು ಹೋಗಿದೆ. ಡಿಯೊ ಬರೆದಿದ್ದೂ ಈ ಭಾಗದಲ್ಲಿ ಪೂರ್ತಿ ಸಿಕ್ಕಿಲ್ಲ, ಹನ್ನೊಂದನೇ ಶತಮಾನದ ಒಬ್ಬ ಸನ್ಯಾಸಿ ಮಾಡಿದ ಸಂಕ್ಷೇಪ ಮಾತ್ರ ಇದೆ. ಹಾಗಾಗಿ ಸ್ತಂಭದ ಮೇಲಿನ ಚಿತ್ರಗಳೇ ನಮಗೆ ದೊಡ್ಡ ಆಧಾರ, ಅದಕ್ಕೇ ಒಂದು ಚಿತ್ರದ ಕೆಳಗೆ ತಪ್ಪು ಬರೆದ್ರೆ ನನಗೆ ಇಷ್ಟು ಸಂಕಟ.

ಅದೇ ಟಪೇ ಕಣಿವೆಯಲ್ಲಿ ದೊಡ್ಡ ಯುದ್ಧ ಆಯ್ತು. ಯುದ್ಧಕ್ಕೆ ಮುಂಚೆ ಬುರಿ ಅನ್ನೋ ಜನ ಟ್ರೇಜನ್‌ಗೆ ಒಂದು ದೊಡ್ಡ ಅಣಬೆ ಕಳಿಸಿದ್ರಂತೆ, ಅದರ ಮೇಲೆ ಲ್ಯಾಟಿನ್ ಅಕ್ಷರದಲ್ಲಿ ವಾಪಸ್ ಹೋಗಿ, ಶಾಂತಿ ಇರ್ಲಿ ಅಂತ ಬರೆದಿತ್ತಂತೆ. ಟ್ರೇಜನ್ ವಾಪಸ್ ಹೋಗ್ಲಿಲ್ಲ. ಆ ದಿನ ರೋಮನ್ನರ ಕಡೆ ಎಷ್ಟು ಜನ ಗಾಯ ಆದ್ರು ಅಂದ್ರೆ ಬ್ಯಾಂಡೇಜ್ ಬಟ್ಟೆ ಖಾಲಿಯಾಗಿ ಚಕ್ರವರ್ತಿ ತನ್ನ ಬಟ್ಟೆಯನ್ನೇ ಹರಿದು ಪಟ್ಟಿ ಮಾಡಿ ಕೊಟ್ಟ. ಇದನ್ನ ನಿಮ್ಮ ಲೇಖಕರು ಬರೆದಿದ್ದಾರೆ, ಒಳ್ಳೆಯದು, ಇದು ಟ್ರೇಜನ್ ಬಗ್ಗೆ ಗೌರವ ಬರಿಸೋ ವಿಷಯನೇ. ಆದ್ರೆ ಅದೇ ಟಪೇ ಯುದ್ಧದ ದೃಶ್ಯದಲ್ಲಿ ಸ್ತಂಭದ ಮೇಲೆ ಇನ್ನೊಂದು ಇದೆ.

ಅದನ್ನ ನಾನು ಹತ್ರದಿಂದ ನೋಡಿದ್ದೀನಿ. ಲಂಡನ್‌ನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಈ ಸ್ತಂಭದ ಪೂರ್ತಿ ಪ್ಲಾಸ್ಟರ್ ಅಚ್ಚು ಇದೆ, ಹಾಲ್‌ನ ಎತ್ತರ ಸಾಲದೆ ಎರಡು ತುಂಡು ಮಾಡಿ ಪಕ್ಕಪಕ್ಕ ನಿಲ್ಲಿಸಿದ್ದಾರೆ. ಐದು ವರ್ಷದ ಹಿಂದೆ ಅಲ್ಲಿಗೆ ಹೋದಾಗ ಸುತ್ತು ಹಾಕ್ತಾ ಹಾಕ್ತಾ ಒಂದು ಕಡೆ ನಿಂತುಬಿಟ್ಟೆ. ರೋಮ್ ಪರವಾಗಿ ಕಾದಾಡೋ ಒಬ್ಬ ಸೈನಿಕ, ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ, ಎರಡೂ ಕೈ ಖಾಲಿ ಇಲ್ಲ ಅಂತ ಕಡಿದ ಒಂದು ಡೇಸಿಯನ್ ತಲೆಯನ್ನ ಕೂದಲು ಹಿಡಿದು ಹಲ್ಲಲ್ಲಿ ಕಚ್ಕೊಂಡು ಮುಂದಿನವನ ಮೇಲೆ ಬೀಳ್ತಾ ಇದ್ದಾನೆ. ಕೆತ್ತಿದವನು ಆ ತಲೆಯ ಗಡ್ಡವನ್ನೂ ಬಿಟ್ಟಿಲ್ಲ. ಇದನ್ನ ರೋಮ್‌ನವರೇ ನಾಚಿಕೆ ಇಲ್ಲದೆ ಊರ ಮಧ್ಯೆ ಅಮೃತಶಿಲೆಯಲ್ಲಿ ಕೆತ್ತಿಸಿ ನಿಲ್ಲಿಸಿದ್ರು. ಬಟ್ಟೆ ಹರಿದುಕೊಟ್ಟ ಚಕ್ರವರ್ತಿ ಮತ್ತು ತಲೆ ಕಚ್ಕೊಂಡ ಸೈನಿಕ ಇಬ್ಬರೂ ಒಂದೇ ಯುದ್ಧದವರು, ಲೇಖನದಲ್ಲಿ ಒಬ್ಬನೇ ಬಂದಿದ್ದಾನೆ.

ಆ ಚಳಿಗಾಲದಲ್ಲಿ ಡೆಸೆಬಾಲಸ್ ಸುಮ್ಮನೆ ಕೂರಲಿಲ್ಲ, ಸರ್ಮೇಷಿಯನ್ ಕುದುರೆ ಪಡೆಯನ್ನ ಸೇರಿಸ್ಕೊಂಡು ಡ್ಯಾನ್ಯೂಬ್‌ನ ಕೆಳಭಾಗದಲ್ಲಿ ನದಿ ದಾಟಿ ರೋಮ್ ಪ್ರಾಂತ್ಯದ ಮೇಲೇ ಬಿದ್ದ. ಈಗಿನ ರೊಮೇನಿಯಾದ ಆಡಮ್‌ಕ್ಲಿಸಿ ಅನ್ನೋ ಕಡೆ ಟ್ರೇಜನ್ 109ರಲ್ಲಿ ಒಂದು ದೊಡ್ಡ ವಿಜಯ ಸ್ಮಾರಕ ಕಟ್ಟಿಸಿದ, ಅದರ ಕೆತ್ತನೆಯಲ್ಲಿ ಡೇಸಿಯನ್ನರ ಎರಡು ಕೈಯಲ್ಲಿ ಹಿಡಿಯೋ ಕುಡುಗೋಲಿನಂಥ ಆಯುಧ ಕಾಣತ್ತೆ, ಫಾಲ್ಕ್ಸ್ ಅಂತಾರೆ ಅದಕ್ಕೆ. ಗುರಾಣಿ ಮೇಲಿಂದ ಬಾಗಿ ಬಂದು ತಲೆ ಭುಜ ಸೀಳೋದು. ಅದರ ಭಯಕ್ಕೆ ರೋಮನ್ ಸೈನಿಕರು ಬಲಗೈಗೆ ಪೂರ್ತಿ ಲೋಹದ ಪಟ್ಟಿಯ ತೋಳು ಹಾಕ್ಕೊಂಡ್ರು, ಹೆಲ್ಮೆಟ್ ಮೇಲೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬಡಿಸ್ಕೊಂಡ್ರು. ಅಷ್ಟು ದೊಡ್ಡ ಸೈನ್ಯ ತನ್ನ ವೇಷವನ್ನೇ ಬದಲಾಯಿಸ್ಕೊಂಡಿದ್ದು ಈ ಬೆಟ್ಟದ ಜನರಿಂದ.

102ರಲ್ಲಿ ಡೆಸೆಬಾಲಸ್ ಸೋತ. ಅವನ ತಂಗಿ ಆಗಲೇ ರೋಮನ್ನರ ಕೈಗೆ ಸಿಕ್ಕಿದ್ಲು, ಫಸ್ಕಸ್ ಕಾಲದಲ್ಲಿ ಕಿತ್ಕೊಂಡಿದ್ದ ಧ್ವಜ ಯಂತ್ರಗಳೂ ವಾಪಸ್ ಹೋಗಿದ್ವು. ಅವನು ಟ್ರೇಜನ್ ಮುಂದೆ ಬಂದು ನೆಲಕ್ಕೆ ಬಿದ್ದು ಆಯುಧ ಇಟ್ಟ. ಷರತ್ತುಗಳನ್ನ ಒಮ್ಮೆ ಓದಿ ನೋಡಿ, ಆಯುಧ ಯಂತ್ರ ಎಲ್ಲಾ ಒಪ್ಪಿಸ್ಬೇಕು, ಎಂಜಿನಿಯರ್‌ಗಳನ್ನ ಒಪ್ಪಿಸ್ಬೇಕು, ರೋಮ್‌ನಿಂದ ಓಡಿ ಬಂದವರನ್ನ ಒಪ್ಪಿಸ್ಬೇಕು, ಕೋಟೆ ಗೋಡೆ ತಾನೇ ಕೆಡವ್ಬೇಕು, ಗೆದ್ದುಕೊಂಡ ಜಾಗ ಬಿಡ್ಬೇಕು, ರೋಮ್‌ನ ಸ್ನೇಹಿತರೇ ತನ್ನ ಸ್ನೇಹಿತರು ರೋಮ್‌ನ ಶತ್ರುಗಳೇ ತನ್ನ ಶತ್ರುಗಳು ಅಂತ ಒಪ್ಕೋಬೇಕು. ಇದಾದ ಮೇಲೆ ರೋಮ್ ಸೈನಿಕರು ಅಲ್ಲೇ ಠಾಣೆ ಹಾಕಿದ್ರು. ಒಬ್ಬ ರಾಜ ಇದರಲ್ಲಿ ರಾಜನಾಗಿ ಉಳಿಯೋಕೆ ಏನು ಬಾಕಿ ಇತ್ತು? ಡೆಸೆಬಾಲಸ್ ಒಪ್ಪಂದ ಮುರಿದ ಅಂತ ಲೇಖನ ಮೂರು ಸಲ ಹೇಳತ್ತೆ, ಒಪ್ಪಂದದಲ್ಲಿ ಏನಿತ್ತು ಅಂತ ಒಂದ್ಸಲನೂ ಹೇಳಲ್ಲ.

ಈಗ ಸೇತುವೆ ವಿಷಯ. ಲೇಖನದ ಅತ್ಯಂತ ಚೆನ್ನಾಗಿರೋ ಭಾಗ ಅದು, ಅಪೊಲೊಡೋರಸ್‌ನ ಸೇತುವೆ ಬಗ್ಗೆ ಬರೆದಿರೋದೆಲ್ಲಾ ಸರಿಯಾಗಿದೆ. ಡಮಾಸ್ಕಸ್‌ನ ಎಂಜಿನಿಯರ್ ಅವನು, ಡ್ರೊಬೆಟಾ ಅನ್ನೋ ಕಡೆ ಡ್ಯಾನ್ಯೂಬ್‌ಗೆ ಅಡ್ಡಲಾಗಿ ಹೆಚ್ಚುಕಮ್ಮಿ 1100 ಮೀಟರ್ ಉದ್ದ ಸೇತುವೆ ಕಟ್ಟಿದ, ನದಿಯಲ್ಲಿ 20 ಕಲ್ಲಿನ ಕಂಬ, ಮೇಲೆ ಮರದ ಕಮಾನು. ಹರಿಯೋ ನದಿಯನ್ನ ಬೇರೆ ಕಡೆ ತಿರುಗಿಸೋಕೆ ಆಗದ ಜಾಗದಲ್ಲಿ, ಸುಳಿ ಕೆಸರು ಇರೋ ಜಾಗದಲ್ಲಿ ಅದನ್ನ ಹೇಗೆ ಎಬ್ಬಿಸಿದ್ರು ಅಂತ ಡಿಯೊಗೇ ಆಶ್ಚರ್ಯ. ಅದಕ್ಕೂ ಮುಂಚೆ ಐರನ್ ಗೇಟ್ಸ್ ಕಮರಿಯಲ್ಲಿ ಬಂಡೆ ಕಡಿದು, ಬಂಡೆಗೆ ತೊಲೆ ಸಿಕ್ಕಿಸಿ ನದಿ ಮೇಲೆ ತೂಗೋ ರಸ್ತೆ ಮಾಡಿದ್ರು, ಪಕ್ಕದಲ್ಲಿ ಕಾಲುವೆ ತೋಡಿದ್ರು. ರಸ್ತೆಯ ಶಾಸನ ಈಗಲೂ ಇದೆ, ಇಪ್ಪತ್ತನೇ ಶತಮಾನದಲ್ಲಿ ಅಣೆಕಟ್ಟು ಕಟ್ಟಿದಾಗ ಬಂಡೆ ಸಮೇತ ಕೊಯ್ದು ಮೇಲಕ್ಕೆ ಎತ್ತಿಟ್ಟಿದ್ದಾರೆ.

ಆದ್ರೆ ಸೇತುವೆ ಕಟ್ಟಿದ ವರ್ಷ ನೋಡಿ. 103ರಿಂದ 105. ಅಂದ್ರೆ ಶಾಂತಿ ಒಪ್ಪಂದ ಜಾರಿಯಲ್ಲಿದ್ದ ಕಾಲ. ಮೊದಲನೇ ಯುದ್ಧಕ್ಕೆ ದೋಣಿಗಳನ್ನ ಸಾಲಾಗಿ ಕಟ್ಟಿ ದಾಟಿದ್ರು, ಯುದ್ಧ ಮುಗಿದ ಮೇಲೆ ಕಲ್ಲಿನ ಕಂಬ ಹಾಕೋಕೆ ಶುರು ಮಾಡಿದ್ರು. ಬೆಟ್ಟದ ಮೇಲೆ ಕೆಡವಿದ ಗೋಡೆ ನೋಡ್ತಾ ಕೂತ ರಾಜನಿಗೆ ಕೆಳಗೆ ನದಿಯಲ್ಲಿ ಕಂಬದ ಮೇಲೆ ಕಂಬ ಏಳ್ತಾ ಇರೋ ಸುದ್ದಿ ಬರ್ತಾ ಇತ್ತು. ಅವನು ಗೋಡೆ ಮತ್ತೆ ಕಟ್ಟಿಸಿದ, ಆಯುಧ ಕೂಡಿಸಿದ, ಪಕ್ಕದವರಿಗೆ ಕೂಡಿ ಬನ್ನಿ ಅಂತ ದೂತರನ್ನ ಕಳಿಸಿದ. ಮುರಿದದ್ದು ಹೌದು. ಯಾಕೆ ಮುರಿದ ಅಂತ ಕೇಳೋಕೆ ಆ ಸೇತುವೆಯೇ ಸಾಕು.

ನಾನು ಡೆಸೆಬಾಲಸ್‌ನ ಸಂತ ಮಾಡೋಕೆ ಹೊರಟಿಲ್ಲ. ಲಾಂಗಿನಸ್ ವಿಷಯದಲ್ಲಿ ಅವನು ಮಾಡಿದ್ದು ನೀಚ ಕೆಲಸ. ಲಾಂಗಿನಸ್ ಅನ್ನೋ ರೋಮನ್ ಸೇನಾಧಿಕಾರಿಯನ್ನ ಮಾತುಕತೆಗೆ ಅಂತ ಕರೆಸಿ ಹಿಡಿದು ಹಾಕ್ದ, ಅವನನ್ನ ಬಿಡ್ಬೇಕಂದ್ರೆ ಡ್ಯಾನ್ಯೂಬ್‌ವರೆಗಿನ ಜಾಗ ವಾಪಸ್ ಕೊಡಿ, ಯುದ್ಧದ ಖರ್ಚು ಕೊಡಿ ಅಂತ ಟ್ರೇಜನ್‌ಗೆ ಹೇಳಿ ಕಳಿಸಿದ. ಟ್ರೇಜನ್ ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ, ಲಾಂಗಿನಸ್ ಬಗ್ಗೆ ಜಾಸ್ತಿ ಕಾಳಜಿ ತೋರಿಸಿದ್ರೆ ಬೆಲೆ ಏರತ್ತೆ ಕಡಿಮೆ ತೋರಿಸಿದ್ರೆ ಜೀವ ಹೋಗತ್ತೆ ಅನ್ನೋ ಹಾಗೆ ಅಳೆದು ತೂಗಿ ಉತ್ತರ ಬರೆದ. ಲಾಂಗಿನಸ್ ಏನು ಮಾಡ್ದ ಗೊತ್ತಾ, ತನ್ನ ಹತ್ರ ಇದ್ದ ಒಬ್ಬ ಬಿಡುಗಡೆಯಾದ ಗುಲಾಮನ ಕೈಲಿ ವಿಷ ತರಿಸ್ಕೊಂಡ, ಟ್ರೇಜನ್‌ನ ರಾಜಿಗೆ ಒಪ್ಪಿಸ್ತೀನಿ ಅಂತ ಡೆಸೆಬಾಲಸ್‌ನ ನಂಬಿಸಿ ಅದೇ ಆಳಿನ ಕೈಲಿ ಪತ್ರ ಕೊಟ್ಟು ಕಳಿಸಿದ, ಅವನು ಸುರಕ್ಷಿತವಾಗಿ ದೂರ ಹೋಗೋ ಹಾಗೆ ಮಾಡಿ ರಾತ್ರಿ ವಿಷ ಕುಡಿದು ಸತ್ತ. ಆಮೇಲೆ ಡೆಸೆಬಾಲಸ್ ಆ ಆಳನ್ನ ಕೊಡಿ, ಲಾಂಗಿನಸ್‌ನ ಹೆಣವನ್ನೂ ಹತ್ತು ಜನ ಸೆರೆಯಾಳುಗಳನ್ನೂ ಕೊಡ್ತೀನಿ ಅಂದ. ಟ್ರೇಜನ್ ಆಳನ್ನ ಕೊಡಲಿಲ್ಲ, ಸತ್ತವನ ಸಂಸ್ಕಾರಕ್ಕಿಂತ ಬದುಕಿರೋ ಈ ಒಬ್ಬನ ಜೀವ ದೊಡ್ಡದು ಅಂತ ತೀರ್ಮಾನ ಮಾಡಿದ. ಇಡೀ ಯುದ್ಧದಲ್ಲಿ ಟ್ರೇಜನ್ ಮಾಡಿದ ಅತ್ಯಂತ ಒಳ್ಳೇ ಕೆಲಸ ಇದು ಅಂತ ನನಗನ್ಸತ್ತೆ, ನಿಮ್ಮ ಲೇಖನ ಟ್ರೇಜನ್‌ನ ಅಷ್ಟು ಹೊಗಳಿದ್ರೂ ಇದನ್ನ ಬಿಟ್ಟುಬಿಟ್ಟಿದೆ.

106ರಲ್ಲಿ ಸಾರ್ಮಿಜೆಗೆಟುಸಾ ಬಿತ್ತು. ಸ್ತಂಭದಲ್ಲಿ ಇದರ ಹತ್ರ ಒಂದು ದೃಶ್ಯ ಇದೆ, ಕೋಟೆ ಒಳಗೆ ಒಂದು ದೊಡ್ಡ ಹಂಡೆ, ಅದರಿಂದ ಒಬ್ಬ ಏನೋ ತೆಗೆದು ಕೊಡ್ತಾ ಇದ್ದಾನೆ, ಸುತ್ತ ಜನ ಕೈ ಚಾಚ್ತಾ ಇದ್ದಾರೆ, ಕೆಲವರು ಆಗಲೇ ನೆಲಕ್ಕೆ ಬಿದ್ದಿದ್ದಾರೆ, ಒಬ್ಬ ಎಳೆಯ ಹುಡುಗನನ್ನ ದೊಡ್ಡವರು ಹಿಡ್ಕೊಂಡಿದ್ದಾರೆ. ಸೆರೆ ಸಿಗೋಕೆ ಮುಂಚೆ ಎಲ್ಲರೂ ವಿಷ ಕುಡೀತಾ ಇದ್ದಾರೆ ಅಂತ ಒಂದಷ್ಟು ವಿದ್ವಾಂಸರು ಹೇಳ್ತಾರೆ, ಉಳಿದಿದ್ದ ಕೊನೇ ನೀರನ್ನ ಹಂಚ್ಕೊಳ್ತಾ ಇದ್ದಾರೆ ಅಂತ ಇನ್ನೊಂದಷ್ಟು ಜನ. ಎರಡರಲ್ಲಿ ಯಾವುದಾದ್ರೂ ಆಗ್ಲಿ, ಆ ಹಂಡೆ ಮುಂದೆ ಚಾಚಿದ ಕೈಗಳು ಕಣ್ಣಿಂದ ಹೋಗಲ್ಲ.

ಡೆಸೆಬಾಲಸ್ ತಪ್ಪಿಸ್ಕೊಂಡ, ಕುದುರೆ ಪಡೆ ಬೆನ್ನು ಹತ್ತಿತು. ಆ ಬೆನ್ನು ಹತ್ತಿದವನ ಹೆಸರು ನಮಗೆ ಗೊತ್ತು, ಟೈಬೀರಿಯಸ್ ಕ್ಲಾಡಿಯಸ್ ಮ್ಯಾಕ್ಸಿಮಸ್. ಅವನ ಗೋರಿ ಕಲ್ಲು 1965ರಲ್ಲಿ ಉತ್ತರ ಗ್ರೀಸ್‌ನ ಫಿಲಿಪ್ಪಿ ಹತ್ರ ಸಿಕ್ತು. ಬದುಕಿರುವಾಗಲೇ ತಾನೇ ಮಾಡಿಸ್ಕೊಂಡ ಕಲ್ಲು ಅದು. ಅದರ ಬರಹದಲ್ಲಿ ತಾನು ಡೆಸೆಬಾಲಸ್‌ನ ಹಿಡಿದೆ, ಅವನ ತಲೆಯನ್ನ ರಾನಿಸ್ಟೋರಂ ಅನ್ನೋ ಕಡೆ ಚಕ್ರವರ್ತಿಗೆ ಒಪ್ಪಿಸಿದೆ ಅಂತಿದೆ. ಬರಹದಲ್ಲಿ ಹಿಡಿದೆ ಅಂತಾನೆ, ಆದ್ರೆ ಅದೇ ಕಲ್ಲಿನ ಮೇಲಿನ ಚಿತ್ರದಲ್ಲಿ ಡೆಸೆಬಾಲಸ್ ಹಿಂದಕ್ಕೆ ಕುಸಿದು ಬೀಳ್ತಾ ಇದ್ದಾನೆ, ಬಾಗಿದ ಕತ್ತಿ ಕೈಯಿಂದ ಜಾರ್ತಾ ಇದೆ. ಬೆನ್ನಟ್ಟಿ ಹೋದವನ ಸ್ವಂತ ಗೋರಿ ಕಲ್ಲೇ ಹೀಗೆ ಹೇಳ್ತಿರುವಾಗ, ಡಿಯೊ ಕೂಡ ಅವನು ತಾನೇ ಪ್ರಾಣ ಕಳ್ಕೊಂಡ ಅಂತ ಬರೆದಿರುವಾಗ, ನಿಮ್ಮ ಫೋಟೋ ಕೆಳಗಿನ ಆ ಪದಕ್ಕೆ ಆಧಾರ ಎಲ್ಲಿಂದ ಬಂತು ಅಂತ ನನಗೆ ತಿಳೀಲಿಲ್ಲ. ತಲೆಯನ್ನ ರೋಮ್‌ಗೆ ತಗೊಂಡು ಹೋದ್ರು, ಅಲ್ಲಿ ಅಪರಾಧಿಗಳ ಹೆಣ ಎಸೆಯೋ ಜೆಮೋನಿಯನ್ ಮೆಟ್ಟಿಲ ಮೇಲೆ ಎಸೆದ್ರು.

ಸಂಖ್ಯೆಗಳ ಬಗ್ಗೆನೂ ಒಂದು ಮಾತು. ಲೇಖನದಲ್ಲಿ ರೋಮನ್ನರಿಗೆ 50 ಲಕ್ಷ ಪೌಂಡ್ ಚಿನ್ನ, ಒಂದು ಕೋಟಿ ಪೌಂಡ್ ಬೆಳ್ಳಿ, 5 ಲಕ್ಷ ಸೆರೆಯಾಳು ಸಿಕ್ಕಿದ್ರು ಅಂತ ಖಡಾಖಂಡಿತ ಬರೆದಿದ್ದಾರೆ. ಈ ಲೆಕ್ಕ ಟ್ರೇಜನ್‌ನ ವೈದ್ಯ ಕ್ರಿಟೋ ಬರೆದಿದ್ದು, ಅದು ನಮಗೆ ಸಿಕ್ಕಿದ್ದು ಆರನೇ ಶತಮಾನದ ಇನ್ನೊಬ್ಬನ ಪುಸ್ತಕದ ಮೂಲಕ. ನಕಲು ಮಾಡೋವಾಗ ಅಂಕಿ ಹತ್ತು ಪಟ್ಟು ಹೆಚ್ಚಾಗಿರ್ಬೇಕು, ಹತ್ತರಿಂದ ಭಾಗಿಸ್ಬೇಕು ಅಂತ ಕಳೆದ ಶತಮಾನದಲ್ಲೇ ವಿದ್ವಾಂಸರು ಹೇಳಿದ್ರು, ಹಾಗೆ ಮಾಡಿದ್ರೂ ಚಿನ್ನ 160 ಟನ್ ದಾಟತ್ತೆ, ಸೆರೆಯಾಳು 50 ಸಾವಿರ ಆಗ್ತಾರೆ. 5 ಲಕ್ಷ ಅಂತ ಕಣ್ಣು ಮುಚ್ಚಿ ಹಾಕೋ ಬದಲು ಇದನ್ನ ಒಂದು ಸಾಲು ಹೇಳ್ಬಹುದಿತ್ತು. 50 ಸಾವಿರ ಜನ ಅಂದ್ರೂ ಒಂದೊಂದು ಮನೆಯಿಂದ ಎಳ್ಕೊಂಡು ಹೋದವರೇ ತಾನೆ.

ಖಜಾನೆ ಸಿಕ್ಕಿದ ರೀತಿನೂ ಕರುಳು ಹಿಂಡತ್ತೆ. ಡೆಸೆಬಾಲಸ್ ಅರಮನೆ ಪಕ್ಕದ ಸಾರ್ಗೆಟಿಯಾ ನದಿಯನ್ನ ಸೆರೆಯಾಳುಗಳ ಕೈಲಿ ಬೇರೆ ಕಡೆ ತಿರುಗಿಸಿ, ತಳದಲ್ಲಿ ಗುಂಡಿ ತೋಡಿ, ಚಿನ್ನ ಬೆಳ್ಳಿ ಹೂತು, ಮೇಲೆ ಕಲ್ಲು ಹೇರಿ ನದಿಯನ್ನ ಮತ್ತೆ ಮೊದಲಿನ ಹಾಗೇ ಹರಿಯೋಕೆ ಬಿಟ್ಟ. ಬಟ್ಟೆಬರೆಯಂಥ ಸಾಮಾನನ್ನ ಅವರ ಕೈಲೇ ಗುಹೆಗಳಲ್ಲಿ ಬಚ್ಚಿಡಿಸಿದ, ಆಮೇಲೆ ಗುಟ್ಟು ಹೊರಗೆ ಹೋಗಬಾರ್ದು ಅಂತ ಅವರನ್ನ ಕೊಲ್ಲಿಸಿದ. ಕೊನೆಗೆ ಬಿಸಿಲಿಸ್ ಅನ್ನೋ ಅವನ ಆಪ್ತನೇ ಸೆರೆ ಸಿಕ್ಕಿ ಬಾಯಿ ಬಿಟ್ಟ. ಸತ್ತ ಕೆಲಸದವರ ಹೆಸರು ಎಲ್ಲೂ ಇಲ್ಲ. ಆ ದುಡ್ಡಲ್ಲಿ ರೋಮ್‌ನಲ್ಲಿ 123 ದಿನ ಆಟೋಟ ನಡೀತು, ಹತ್ತು ಸಾವಿರ ಗ್ಲಾಡಿಯೇಟರ್‌ಗಳು ಕಣಕ್ಕಿಳಿದ್ರು, ಹನ್ನೊಂದು ಸಾವಿರ ಪ್ರಾಣಿ ಸತ್ವು ಅಂತ ಡಿಯೊ ಬರೀತಾನೆ. ಲೂಟಿ ದುಡ್ಡಲ್ಲೇ ಟ್ರೇಜನ್ ಫೋರಂ ಅನ್ನೋ ಸಾರ್ವಜನಿಕ ಚೌಕ ಎದ್ದು 112ರಲ್ಲಿ ತೆರೀತು, ಮರುವರ್ಷ ಸ್ತಂಭ. ಸ್ತಂಭದ ಬುಡದಲ್ಲಿರೋ ಶಾಸನದಲ್ಲಿ ಈ ಕಟ್ಟಡಗಳಿಗಾಗಿ ಎಷ್ಟೆತ್ತರ ಗುಡ್ಡ ಅಗೆದು ತೆಗೆದ್ವು ಅಂತ ತೋರಿಸೋಕೆ ಇದನ್ನ ನಿಲ್ಲಿಸಿದ್ದು ಅಂತ ಬರೆದಿದೆ. ಟ್ರೇಜನ್‌ನ ಬಿರುದುಗಳ ಸಾಲಲ್ಲಿ ಬರೋ "ಡೇಸಿಕಸ್" ಅನ್ನೋ ಒಂದು ಪದ ಬಿಟ್ರೆ ಡೇಸಿಯಾ ಅನ್ನೋ ರಾಜ್ಯದ ಬಗ್ಗೆ ಏನೂ ಇಲ್ಲ ಅದರಲ್ಲಿ.

ಸೋತ ಮೇಲೆ ಆ ನೆಲದಲ್ಲಿ ಬದುಕು ಹೇಗಿತ್ತು ಅನ್ನೋದನ್ನ ಯಾರೂ ಬರೆಯಲ್ಲ, ಅದಕ್ಕೇ ಸ್ವಲ್ಪ ಬರೀತೀನಿ. ಅಲ್ಬರ್ನಸ್ ಮೇಜರ್ ಅನ್ನೋ ಚಿನ್ನದ ಗಣಿ ಊರಲ್ಲಿ, ಈಗ ಅದು ರೋಷಿಯಾ ಮೊಂಟಾನಾ, ಮೇಣ ಬಳಿದ ಮರದ ಹಲಗೆಗಳು ಗಣಿ ಸುರಂಗದೊಳಗೆ ಸಿಕ್ಕಿವೆ. ರೋಮನ್ನರು ಬೇರೆ ಬೇರೆ ಕಡೆಯಿಂದ ಕರ್ಕೊಂಡು ಬಂದು ಅಲ್ಲಿ ಕೂರಿಸಿದ ಜನರ ಕರಾರುಪತ್ರಗಳು ಅವು. ಒಂದು ಹಲಗೆ 164ನೇ ಇಸವಿಯದ್ದು, ಮೆಮಿಯಸ್ ಅನ್ನೋ ಆಳು ಮೇ 20ರಿಂದ ನವೆಂಬರ್ 13ರವರೆಗೆ ಚಿನ್ನದ ಗಣಿಯಲ್ಲಿ ದುಡೀತೀನಿ ಅಂತ ಒಪ್ಕೊಂಡಿದ್ದಾನೆ, ಕೂಲಿ 70 ಡಿನಾರಿಯಸ್ (ರೋಮನ್ನರ ಬೆಳ್ಳಿ ನಾಣ್ಯ), ಗಣಿಗೆ ನೀರು ನುಗ್ಗಿ ಕೆಲಸ ನಿಂತ್ರೆ ಅಷ್ಟು ದಿನದ ಕೂಲಿ ಕಡಿತ. ಅವನಿಗೆ ಬರೆಯೋಕೆ ಬರಲ್ಲ ಅಂದಿದ್ದಕ್ಕೆ ಬೇರೆಯವರು ಬರ್ಕೊಟ್ಟಿದ್ದಾರೆ. ಇನ್ನೊಂದು ಹಲಗೆ 139ರ ಮಾರ್ಚ್ 17ರದ್ದು, ಪಾಸಿಯಾ ಅನ್ನೋ ಹುಡುಗಿಯ ಮಾರಾಟ ಪತ್ರ, ವಯಸ್ಸು "ಹೆಚ್ಚುಕಮ್ಮಿ ಆರು ವರ್ಷ", ಬೆಲೆ 205 ಡಿನಾರಿಯಸ್. ಅವಳನ್ನ ಬೇರೆ ಯಾವ ಹೆಸರಿಂದ ಕರೆದ್ರೂ ಈ ಮಾರಾಟ ಊರ್ಜಿತ ಅನ್ನೋ ಅರ್ಥದ ಮಾತೂ ಆ ಪತ್ರದಲ್ಲಿ ಇದೆ. ಪಾಸಿಯಾ ಡೇಸಿಯನ್ ಮಗುನಾ ಬೇರೆ ನಾಡಿನದಾ ಅಂತ ಹೇಳೋಕೆ ಬರಲ್ಲ, ಆದ್ರೆ ಗೆದ್ದ ಡೇಸಿಯಾ ಅಂದ್ರೆ ಏನಾಗಿತ್ತು ಅನ್ನೋದಕ್ಕೆ ಆ ಹಲಗೆ ನನಗೆ ಸ್ತಂಭಕ್ಕಿಂತ ಹೆಚ್ಚು ಹೇಳಿದೆ.

ಆಮೇಲೆ ಕ್ಯಾಲಿಡ್ರೋಮಸ್. ಈ ಒಬ್ಬನ ಕತೆ ಹೇಳ್ಬಿಡ್ತೀನಿ. ಟ್ರೇಜನ್‌ನ ಗವರ್ನರ್ ಆಗಿದ್ದ ಪ್ಲಿನಿ ಚಕ್ರವರ್ತಿಗೆ ಬರೆದ ಒಂದು ಪತ್ರದಲ್ಲಿ ಬರ್ತಾನೆ. ಈಗಿನ ಟರ್ಕಿಯಲ್ಲಿರೋ ನಿಕೊಮಿಡಿಯಾ ಊರಲ್ಲಿ ಬ್ರೆಡ್ ಸುಡೋರ ಹತ್ರ ಕೂಲಿಗಿದ್ದ, ಅವರು ಕೂಡಿ ಹಾಕಿದಾಗ ಓಡಿ ಹೋಗಿ ಟ್ರೇಜನ್ ಪ್ರತಿಮೆ ಹಿಡ್ಕೊಂಡು ರಕ್ಷಣೆ ಕೇಳ್ದ. ವಿಚಾರಿಸಿದ್ರೆ ಅವನು ಮೊದಲು ಲೇಬೀರಿಯಸ್ ಮ್ಯಾಕ್ಸಿಮಸ್ ಅನ್ನೋ ಸೇನಾಪತಿಯ ಗುಲಾಮ, ಮೋಯೆಸಿಯಾದಲ್ಲಿ ಶತ್ರುಗಳ ಕೈಗೆ ಸಿಕ್ಕ, ಡೆಸೆಬಾಲಸ್ ಅವನನ್ನ ಈಗಿನ ಇರಾನ್ ಕಡೆಯ ಪಾರ್ಥಿಯಾ ರಾಜ ಪಕೋರಸ್‌ಗೆ ಉಡುಗೊರೆಯಾಗಿ ಕಳಿಸ್ದ, ಅಲ್ಲಿ ಎಷ್ಟೋ ವರ್ಷ ಇದ್ದು ಓಡಿ ಬಂದು ಇಲ್ಲಿ ಹಿಟ್ಟು ಕಲೆಸ್ತಾ ಇದ್ದ. ಡೆಸೆಬಾಲಸ್ ಅಷ್ಟು ದೂರದ ರೋಮ್ ಶತ್ರುವಿನ ಜೊತೆ ನಂಟು ಬೆಳೆಸೋಕೆ ನೋಡಿದ್ದ ಅನ್ನೋದು ಇದರಿಂದ ಗೊತ್ತಾಗತ್ತೆ, ಅದಕ್ಕೇ ಇತಿಹಾಸದವರು ಈ ಪತ್ರ ಓದ್ತಾರೆ. ನಾನು ಓದೋದು ಆ ಮನುಷ್ಯನಿಗಾಗಿ. ಇಬ್ಬರು ರಾಜರು ಒಬ್ಬ ಸೇನಾಪತಿ ಕೈ ಬದಲಾಯಿಸಿದ ಒಂದು ಜೀವ ಅದು.

ಡೇಸಿಯನ್ನರು ಬರೆದಿದ್ದು ಏನು ಉಳಿದಿದೆ ಅಂತ ಕೇಳಿದ್ರೆ ಉತ್ತರ ಹೆಚ್ಚುಕಮ್ಮಿ ಸೊನ್ನೆ. ಸಾರ್ಮಿಜೆಗೆಟುಸಾದಲ್ಲಿ ಒಂದು ದೊಡ್ಡ ಮಡಕೆ ಸಿಕ್ಕಿದೆ, ಅದರ ಮೇಲೆ ಲ್ಯಾಟಿನ್ ಅಕ್ಷರದಲ್ಲಿ "ಡೆಸೆಬಾಲಸ್ ಪೆರ್ ಸ್ಕೊರಿಲೊ" ಅಂತ ಅಚ್ಚು ಒತ್ತಿದೆ, ಸ್ಕೊರಿಲೋನ ಮಗ ಡೆಸೆಬಾಲಸ್ ಅಂತ ಇರ್ಬಹುದು ಅಂತಾರೆ. ಒಂದು ರಾಜ್ಯದ ಕಡೆಯ ಮಾತಲ್ಲಿ ಇಷ್ಟು ಉಳಿದಿದೆ, ಮೂರು ಪದ. ರೋಮನ್ನರು ಡೇಸಿಯನ್ ಗಂಡಸರನ್ನ ತಮ್ಮ ಸೈನ್ಯಕ್ಕೇ ಸೇರಿಸಿ ದೂರ ದೂರ ಕಳಿಸಿದ್ರು, ಒಂದು ಪಡೆ ಬ್ರಿಟನ್‌ನಲ್ಲಿ ಹೇಡ್ರಿಯನ್ ಗೋಡೆ ಅನ್ನೋ ರೋಮನ್ ಗಡಿಗೋಡೆ ಮೇಲೆ ಬರ್ಡೋಸ್ವಾಲ್ಡ್ ಠಾಣೆಯಲ್ಲಿತ್ತು. ಅಲ್ಲಿನ ಶಾಸನದ ಪಕ್ಕದಲ್ಲಿ ಅದೇ ಬಾಗಿದ ಕತ್ತಿ ಕೆತ್ತಿದ್ದಾರೆ, ಮತ್ತೆ ಅಲ್ಲೇ ಸಿಕ್ಕ ಒಂದು ಗೋರಿ ಕಲ್ಲಿನ ಮೇಲೆ ಡೆಸಿಬಾಲಸ್ ಅನ್ನೋ ಹೆಸರಿದೆ, ಒಂದು ಚಿಕ್ಕ ಮಗುವಿನದ್ದು. ರಾಜ ಸತ್ತು ಎಷ್ಟೋ ಕಾಲ ಆದ ಮೇಲೆ, ತಮ್ಮ ಬೆಟ್ಟದಿಂದ ಅಷ್ಟು ದೂರದ ಮಂಜಿನ ನಾಡಲ್ಲಿ, ಯಾರೋ ತಮ್ಮ ಕೂಸಿಗೆ ಆ ಹೆಸರಿಟ್ಟಿದ್ರು. ಇದನ್ನ ಮೊದಲ ಸಲ ಓದಿದಾಗ ನನಗೆ ಗಂಟಲು ಕಟ್ಟಿತ್ತು.

ಸಂಪಾದಕರೇ, ಲೇಖನ ಬರೆದವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಶ್ರಮ ಪಟ್ಟು ಬರೆದಿದ್ದಾರೆ, ಸೇತುವೆ ಭಾಗ ನಮ್ಮ ಮನೆಯ ಮಕ್ಕಳಿಗೂ ಓದಿ ಹೇಳಿದೆ. ಲೇಖನ ಪೂರ್ತಿ ತಿದ್ದಿ ಅಂತಾನೂ ಕೇಳ್ತಿಲ್ಲ. ಮುಂದಿನ ಭಾನುವಾರ ಅದೇ ಪುಟದ ಮೂಲೆಯಲ್ಲಿ, ಎಷ್ಟು ಚಿಕ್ಕ ಅಕ್ಷರದಲ್ಲಾದ್ರೂ ಸರಿ, ಆ ಫೋಟೋದಲ್ಲಿ ಮರದ ಕೆಳಗಿರೋ ಡೆಸೆಬಾಲಸ್ ಶರಣಾಗುತ್ತಿಲ್ಲ, ಸೆರೆ ಸಿಗುವ ಮುನ್ನ ಪ್ರಾಣ ಬಿಡುತ್ತಿದ್ದಾನೆ ಅಂತ ಒಂದು ಸಾಲು ಹಾಕಿ. ಅಷ್ಟು ಸಾಕು ನನಗೆ.

ಇಂತಿ,
ನಿಮ್ಮ ಹಳೆಯ ಓದುಗ